ಮದುವೆಗೆ ಬೂದು ಬಣ್ಣದ ಕೌದಿ

ಬೂದು ಬಣ್ಣದ ಬಟ್ಟೆ ಹುಡುಕಿಕೊಂಡು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗುವ ಕಷ್ಟ ಯಾರಿಗೂ ಬೇಡ. ಅಂಗಡಿಯವರು ಮೊದಲು ತಿಳಿ ನೀಲಿ ತೋರಿಸುತ್ತಾರೆ. ಬೇಡ ಎಂದರೆ ತಿಳಿ ಹಸಿರು. ಅದೂ ಬೇಡ ಎಂದರೆ ಪ್ಯಾಂಟಿನ ಬಟ್ಟೆಯ ಥಾನು ಎಳೆದು ಮುಂದೆ ಹಾಕಿ, "ಇದು ಪಕ್ಕಾ ಗ್ರೇ ಮೇಡಂ, ಸಾಹೇಬ್ರಿಗಾ?" ಎನ್ನುತ್ತಾರೆ. ಸಾಹೇಬರಿಗಲ್ಲ, ಮದುವೆ ಹೆಣ್ಣಿಗೆ ಎಂದೆ. ಅಂಗಡಿಯವನು ಥಾನನ್ನು ಸುತ್ತಿ ಒಳಗಿಟ್ಟು, ನನಗೆ ಕಿವಿ ಕೇಳಿಸುವುದಿಲ್ಲವೇನೋ ಎಂಬಂತೆ ಕೆಂಪು ಬಟ್ಟೆ ಬಿಚ್ಚಿ ಹರಡಿದ.

ದುರ್ಗಿಗುಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಕೌದಿ ಹೊಲಿಯುತ್ತೇನೆ. ಈ ಕೌದಿ ಬೇಕೆಂದು ಬಂದವಳು ಭದ್ರಾವತಿಯ ನ್ಯೂಟೌನಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಮೂವತ್ತು ದಾಟಿದ ವಯಸ್ಸು. ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಈಗ ಎರಡನೆಯ ಮದುವೆ ಗೊತ್ತಾಗಿತ್ತು. ಹೊಸ ಮನೆಯ ಮಂಚಕ್ಕೆ ಹಾಸಲು ಅವಳಿಗೆ ಕೌದಿ ಬೇಕಿತ್ತು. ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಜೇನುಗೂಡಿನ ಹಾಗೆ ಆರು ಮೂಲೆಯ ತುಂಡುಗಳನ್ನು ಒಂದಕ್ಕೊಂದು ಕೂಡಿಸಿದ ಕೌದಿ.

ಅದನ್ನು ಹೊಲಿಯುವುದು ಕಾಗದದ ಮೇಲೆ. ಮೊದಲು ದಪ್ಪ ಹಾಳೆಯಲ್ಲಿ ಆರು ಮೂಲೆಯ ತುಂಡುಗಳನ್ನು ಒಂದೇ ಅಳತೆಗೆ ಕತ್ತರಿಸಬೇಕು. ಬಟ್ಟೆಯನ್ನು ಅದಕ್ಕಿಂತ ಕಾಲಿಂಚು ದೊಡ್ಡದಾಗಿ ಕತ್ತರಿಸಿ, ಅಂಚನ್ನು ಕಾಗದದ ಹಿಂದಕ್ಕೆ ಮಡಚಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿದಿಡಬೇಕು. ಆಮೇಲೆ ತುಂಡಿಗೆ ತುಂಡು ಸೇರಿಸಿ ಅಂಚಿನ ಮೇಲೆ ಸಣ್ಣ ಕೈಹೊಲಿಗೆ. ಸುತ್ತಲಿನ ಆರೂ ತುಂಡು ಕೂಡಿದ ಮೇಲೆ ನಡುವಿನ ಕಾಗದವನ್ನು ಎಳೆದು ತೆಗೆಯಬೇಕು. ಒಂದು ಕೌದಿಗೆ ಇಂಥ ನಾನೂರು ತುಂಡು ಬೇಕೇ ಬೇಕು. ಬಣ್ಣ ಆರಿಸುವಾಗ ತಪ್ಪಿದರೆ ತಪ್ಪನ್ನೂ ನಾನೂರು ಸಲ ಹೊಲಿಯಬೇಕಾಗುತ್ತದೆ.

"ಮೂರೇ ಬಣ್ಣ ಅಕ್ಕ. ಬೂದು, ನೀಲಿ, ಬಿಳಿ. ಬೇರೆ ಏನೂ ಬರಬಾರದು" ಎಂದಳು.

"ಮದುವೆ ಕೌದಿಗೆ ಬೂದು ಯಾಕಮ್ಮ? ನಿಮ್ಮನೇಲಿ ಒಪ್ತಾರಾ?"

"ಅವ್ರು ಹೋದ ಮೇಲೆ ಬಣ್ಣದ ಸೀರೆ ಉಡಬೇಡ ಅಂದ್ರು, ಉಡಲಿಲ್ಲ. ಈಗ ಮದುವೆ ಗೊತ್ತಾದ ಮೇಲೆ ಹಸಿರು ಉಡು, ಕೆಂಪು ಉಡು ಅಂತಿದಾರೆ. ಉಡ್ತೀನಿ. ನಂಗೆ ಯಾವ ಬಣ್ಣ ಇಷ್ಟ ಅಂತ ಮಾತ್ರ ಒಬ್ರೂ ಕೇಳಿಲ್ಲ. ಇದೊಂದನ್ನ ನನ್ನ ಇಷ್ಟಕ್ಕೆ ಬಿಟ್ಬಿಡಿ" ಎಂದಳು. ದನಿ ಎತ್ತಲಿಲ್ಲ. ಆದರೆ ಅದು ಬೇಡಿಕೆಯ ದನಿಯಾಗಿರಲಿಲ್ಲ. ನಾನು ಸರಿ ಎಂದೆ.

ಸರಿ ಎಂದವಳು ಅವಳ ಅತ್ತೆಯನ್ನು ಇನ್ನೂ ನೋಡಿರಲಿಲ್ಲ.

ಅತ್ತೆ ಎಂದರೆ ಹೋದ ಗಂಡನ ತಾಯಿ. ಭದ್ರಾವತಿಯ ಕಾಗದನಗರದ ಹಳೆಯ ಕ್ವಾರ್ಟರ್ಸ್ ಒಂದರಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು. ಮಾವ ಕಾಗದದ ಮಿಲ್ಲಿನಲ್ಲಿ ದುಡಿದವರು, ಮಗನಿಗಿಂತ ಮೊದಲೇ ಹೋದರು. ಸೊಸೆಗೆ ಮತ್ತೆ ಮದುವೆಯಾಗಬೇಕೆಂದು ಹಟ ಹಿಡಿದು, ಶಿವಮೊಗ್ಗದ ಗಂಡನ್ನು ಹುಡುಕಿ, ನೆಂಟರಿಷ್ಟರ ಮಾತಿಗೆಲ್ಲ ಉತ್ತರ ಕೊಟ್ಟವರು ಈ ಅತ್ತೆಯೇ. ಅಷ್ಟು ಗಟ್ಟಿ ಹೆಂಗಸು. ಹಾಗಾಗಿ ಕೌದಿಯ ಬಣ್ಣದ ವಿಷಯದಲ್ಲಿ ಸುಮ್ಮನಿದ್ದಾರು ಎಂದು ನಾನು ತಿಳಿದದ್ದೇ ದಡ್ಡತನ.

ಕಾಗದಕ್ಕೆಂದು ಮೊದಲ ಸಲ ಅವರ ಮನೆಗೆ ಹೋದೆ. ಮಿಲ್ಲಿನ ಕಾಲದ ದಪ್ಪ ಹಾಳೆಗಳ ಕಟ್ಟು ಅಟ್ಟದ ಮೇಲಿದೆ ಎಂದು ಸೊಸೆ ಹೇಳಿದ್ದಳು. ಹಾಳೆ ನಿಜಕ್ಕೂ ಚೆನ್ನಾಗಿತ್ತು. ಬೆರಳಲ್ಲಿ ಹಿಡಿದರೆ ಬಾಗದೆ ನಿಲ್ಲುತ್ತಿತ್ತು, ಸೂಜಿಗೆ ಅಡ್ಡಿ ಮಾಡುವಷ್ಟು ಗಡುಸಾಗಿಯೂ ಇರಲಿಲ್ಲ. ಅದನ್ನು ನೋಡಿ ನಾನು ಖುಷಿಪಡುತ್ತಿರುವಾಗಲೇ ಅತ್ತೆ ಒಳಗಿನಿಂದ ಒಂದು ದೊಡ್ಡ ಗಂಟು ಹೊತ್ತು ತಂದು ಮುಂದಿಟ್ಟರು. ಬಿಚ್ಚಿದರೆ ರವಿಕೆ ಕಣ. ಅರಿಶಿನ ಕುಂಕುಮಕ್ಕೆ, ಸೀಮಂತಕ್ಕೆ, ಗೃಹಪ್ರವೇಶಕ್ಕೆ ಹೋದಲ್ಲೆಲ್ಲ ಕೊಟ್ಟದ್ದು. ಯಾರೂ ಹೊಲಿಸದೆ, ಮನೆಯಿಂದ ಮನೆಗೆ ತಿರುಗಿ ಬಂದದ್ದು. ಗಿಳಿಹಸಿರು, ಕಡುಗುಲಾಬಿ, ಕಿತ್ತಳೆ.

"ಇಷ್ಟು ಬಟ್ಟೆ ಇರುವಾಗ ಅಂಗಡಿಗೆ ಯಾಕೆ ಹೋಗ್ತೀರಾ ಮಾರಾಯ್ತಿ? ಎಲ್ಲಾ ಮುತ್ತೈದೆಯರು ಕೊಟ್ಟಿದ್ದು" ಎಂದರು.

ನಾನು ಒಂದು ಕಣ ತೆಗೆದು ಮಡಚಿ, ಉಗುರಿನಿಂದ ಗೆರೆ ಎಳೆದು ಬಿಟ್ಟೆ. ಮಡಿಕೆ ಸ್ಪ್ರಿಂಗಿನ ಹಾಗೆ ಬಿಚ್ಚಿಕೊಂಡಿತು. "ನೋಡಿ ಅಮ್ಮ, ಇದು ಟೆರಿಕಾಟು. ಮಡಿಕೆ ನಿಲ್ಲಲ್ಲ. ಕಾಗದದ ಮೇಲೆ ಹೊಲಿಯೋಕೆ ಹತ್ತೀನೇ ಬೇಕು."

"ಬಣ್ಣ ಹೇಗಿದೆ ನೋಡಿ, ಬಣ್ಣ!"

"ಬಣ್ಣ ನಿಮ್ಮ ಸೊಸೆ ಹೇಳಿದಾರೆ. ಬೂದು."

ಅವರು ಕಣವನ್ನು ಗಂಟಿನೊಳಗೆ ಹಾಕಿ ನನ್ನ ಮುಖ ನೋಡಿದರು. "ಮದುವೆ ಮನೆಗೆ ಬೂದಿ ಬಣ್ಣವಾ? ಅವಳಿಗಂತೂ ಬುದ್ಧಿ ಇಲ್ಲ, ನಿಮಗೆ ವಯಸ್ಸಾಗಿಲ್ವಾ?" ಎಂದರು. ಆ ದಿನ ಕಾಫಿಗೆ ಸಕ್ಕರೆ ಬಿದ್ದಿರಲಿಲ್ಲ. ಮರೆತದ್ದು ಎಂದೇ ನಂಬಿದ್ದೇನೆ.

ಬಟ್ಟೆ ಆರಿಸುವ ಕೆಲಸ ಶುರುವಾಯಿತು. ಗಾಂಧಿ ಬಜಾರಿನ ಅಂಗಡಿಗಳ ಟ್ಯೂಬ್‌ಲೈಟಿನ ಕೆಳಗೆ ಬೂದು ಬಣ್ಣ ಎಂದೂ ಸತ್ಯ ಹೇಳುವುದಿಲ್ಲ. ಒಳಗೆ ಬೂದಾಗಿ ಕಂಡದ್ದು ಬಾಗಿಲಿಗೆ ತಂದರೆ ಹಸಿರು ಹೊಡೆಯುತ್ತದೆ, ಇನ್ನೊಂದು ನೇರಳೆಯಾಗುತ್ತದೆ. ಥಾನನ್ನು ಹೊರಗೆ ಬೆಳಕಿಗೆ ತೆಗೆದುಕೊಂಡು ಹೋಗುತ್ತೇನೆ ಎಂದರೆ ಅಂಗಡಿಯವರು ನನ್ನ ಹಿಂದೆಯೇ ಓಡಿ ಬರುತ್ತಿದ್ದರು. ಮಲ್‌ಮಲ್ ಬಲು ತೆಳು, ಒಳಗಿನ ಮಡಿಕೆ ಹೊರಗೆ ಕಾಣುತ್ತದೆ. ಖಾದಿ ದಪ್ಪ, ಮೂಲೆಗಳು ಗಡ್ಡೆ ಕಟ್ಟುತ್ತವೆ. ಕೊನೆಗೆ ಪಾಪ್ಲಿನ್ನಿನಲ್ಲಿ ಮೂರು ಬೂದು, ಎರಡು ನೀಲಿ, ಒಂದು ಹಾಲುಬಿಳಿ ಸಿಕ್ಕವು.

ಮನೆಗೆ ತಂದು ಒಂದೊಂದರ ಚೂರು ಕತ್ತರಿಸಿ ನೀರಿನಲ್ಲಿ ನೆನೆಸಿದೆ. ಬಿಳಿ ಕರವಸ್ತ್ರದ ನಡುವೆ ಇಟ್ಟು ಇಸ್ತ್ರಿ ಒತ್ತಿದೆ. "ಬಣ್ಣ ಹೋದ್ರೆ ನನ್ ಹೆಸರು ಬದಲಾಯ್ಸಿ" ಎಂದು ಅಂಗಡಿಯವನು ಹೇಳಿದ ಕಡುನೀಲಿ ಇಡೀ ಕರವಸ್ತ್ರವನ್ನು ನೀಲಿ ಮಾಡಿತು. ಮತ್ತೆ ಬಜಾರು, ಮತ್ತೆ ನೀಲಿ. ಆಮೇಲೆ ಚೂರುಗಳನ್ನೆಲ್ಲ ಸಾಲಾಗಿ ಇಟ್ಟು ಫೋನಿನಲ್ಲಿ ಫೋಟೊ ತೆಗೆದು, ಅದರ ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ ನೋಡಿದೆ. ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ ಬಣ್ಣಗಳು ಕಪ್ಪುಬಿಳುಪಿನಲ್ಲಿ ಒಂದೇ ಆಗಿಬಿಟ್ಟರೆ ಕೌದಿಯ ಚಿತ್ತಾರ ದೂರದಿಂದ ಕಲಸಿಹೋಗುತ್ತದೆ. ನಡುವಿನ ಬೂದು ಮತ್ತು ತಿಳಿನೀಲಿ ಹಾಗೇ ಆದವು. ಮತ್ತೆ ಬಜಾರು. ಅಷ್ಟು ಹೊತ್ತಿಗೆ ಆ ಸಾಲಿನ ಅಂಗಡಿಗಳಲ್ಲಿ ನನ್ನನ್ನು ಕಂಡೊಡನೆ "ಗ್ರೇ ಮೇಡಂ ಬಂದ್ರು" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವಂತಾಗಿತ್ತು.

ಇದರ ನಡುವೆ ಅತ್ತೆಯ ಫೋನು. ಒಂದು ದಿನ, "ಅಂಚಿಗೆ ಮಾತ್ರ ಹಸಿರು ಹಾಕಿಬಿಡಿ, ಅವಳಿಗೆ ಗೊತ್ತಾಗಲ್ಲ." ಹಾಸಿಗೆಯ ನಾಲ್ಕೂ ಕಡೆ ಹಸಿರಿದ್ದರೆ ಗೊತ್ತಾಗದೆ ಇರಲು ಅವಳೇನು ಕುರುಡಿಯೇ? ಮರುದಿನ, "ಹೋಗ್ಲಿ, ಹಿಂದುಗಡೆ ಕೆಂಪು ಬಟ್ಟೆ ಕೊಡಿ. ಹಿಂದೆ ಯಾರು ನೋಡ್ತಾರೆ?" ಇನ್ನೊಂದು ದಿನ, "ನಡುವೆ ಒಂದೇ ಒಂದು ತುಂಡು." ಪ್ರತಿ ಸಲವೂ ನಾನು, "ನಿಮ್ಮ ಸೊಸೇನ ಕೇಳಿ ಅಮ್ಮ" ಎನ್ನುವುದು, ಅವರು, "ಅವಳನ್ನ ಕೇಳೋದಾಗಿದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ?" ಎನ್ನುವುದು. ನಾನು ಕೌದಿ ಹೊಲಿಯಲು ಒಪ್ಪಿಕೊಂಡೆನೋ, ಅತ್ತೆ ಸೊಸೆಯ ನಡುವೆ ರಾಯಭಾರ ಮಾಡಲು ಒಪ್ಪಿಕೊಂಡೆನೋ ನನಗೇ ತಿಳಿಯದಾಯಿತು. ತಲೆ ಚಿಟ್ಟು ಹಿಡಿದುಹೋಯಿತು.

ಆಮೇಲೆ ಫೋನು ನಿಂತಿತು. ನಿಂತದ್ದಕ್ಕೆ ಹೆದರಬೇಕಿತ್ತು, ನಾನು ನೆಮ್ಮದಿಪಟ್ಟೆ. ಒಂದು ದಿನ ಬಲು ಮೆತ್ತಗೆ ಮಾತಾಡಿದರು. "ಆಯ್ತು, ಅವಳಿಷ್ಟದಂತೇ ಆಗ್ಲಿ. ಮದುವೆ ಹತ್ರ ಬಂತು, ನಿಮಗೊಬ್ಬರಿಗೇ ಕಷ್ಟ. ಆ ಕಚ್ಚಾ ಹೊಲಿಗೆ ನಾನು ಹಾಕಿಕೊಡ್ತೀನಿ. ಹಗಲೆಲ್ಲಾ ಸುಮ್ನೆ ಕೂತಿರ್ತೀನಲ್ಲ."

ದಿನ ನಿಜವಾಗಿಯೂ ಹತ್ತಿರ ಬಂದಿತ್ತು. ಬಟ್ಟೆಯ ತುಂಡು, ಕತ್ತರಿಸಿದ ಹಾಳೆ, ದಾರ ಎಲ್ಲವನ್ನೂ ಚೀಲಕ್ಕೆ ತುಂಬಿ ಭದ್ರಾವತಿ ಬಸ್ಸು ಹತ್ತಿದೆ. ಮೂಲೆಯಲ್ಲಿ ಮಡಿಕೆ ಬಿಗಿಯಾಗಿರಬೇಕು, ಕಾಗದ ಒಳಗೆ ಜರುಗಬಾರದು ಎಂದು ತೋರಿಸಿಕೊಟ್ಟೆ. ಅವರು ಹಾಕಿದ ಮೊದಲ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದೆ. ಕೊಂಕು ಹುಡುಕಲು ಆಗಲಿಲ್ಲ. ಎಲ್ಲ ಬಿಟ್ಟು ಬಂದೆ.

ಕೆಲಸ ಮುಗಿದಿದೆ ಎಂದು ತಿಳಿಸಿದ ಮೇಲೆ ಹೋಗಿ ತಂದೆ. ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಮೇಲೆ ಬಟ್ಟೆ ಕಟ್ಟಿ ಕೊಟ್ಟಿದ್ದರು. "ಮನೆಗೆ ಹೋಗಿ ಬಿಚ್ಚಿ" ಎಂದರು. ಬಸ್ಸಿನಲ್ಲಿ ಧೂಳು ಕೂರದಿರಲಿ ಎಂದಿರಬೇಕು ಅಂದುಕೊಂಡೆ.

ಮನೆಯಲ್ಲಿ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಆಮೇಲೆ ಕಂಡಿತು. ಮೇಲಿದ್ದ ಬಿಳಿ ತುಂಡಿನ ಒಂದು ಮೂಲೆಯಲ್ಲಿ ಅರಿಶಿನ. ಅದರ ಕೆಳಗಿನದಕ್ಕೂ ಅರಿಶಿನ. ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆ. ಬಿಳಿ, ಬೂದು, ನೀಲಿ, ಯಾವುದೂ ಉಳಿದಿರಲಿಲ್ಲ. ಹೊಸ ಬಟ್ಟೆ ಉಡುವ ಮೊದಲು ಮೂಲೆಗೆ ಅರಿಶಿನ ಹಚ್ಚುವುದು ನಮ್ಮ ಎಲ್ಲರ ಮನೆಯಲ್ಲೂ ಇದೆ. ಸೀರೆಗೆ ಹಚ್ಚುತ್ತೇವೆ, ಅಂಗಿಗೆ ಹಚ್ಚುತ್ತೇವೆ. ನಾನೂರು ತುಂಡಿಗೆ, ಒಂದೊಂದಕ್ಕೂ, ನೀರಲ್ಲಿ ಕಲಸಿದ ಅರಿಶಿನವನ್ನು ಉಂಗುರ ಬೆರಳಿನಲ್ಲಿ ಒತ್ತಿ ಹಚ್ಚಿದವರನ್ನು ನಾನು ಕಂಡಿರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಒಂದು ತುಂಡು ತೆಗೆದುಕೊಂಡು ಸೋಪು ಹಚ್ಚಿ ಉಜ್ಜಿದೆ. ಅರಿಶಿನಕ್ಕೆ ಸೋಪು ಬಿದ್ದರೆ ಕೆಂಪಾಗುತ್ತದೆ ಎಂದು ಗೊತ್ತಿದ್ದೂ ಸಿಟ್ಟಿನಲ್ಲಿ ಉಜ್ಜಿದೆ. ಆಯಿತು, ಇಟ್ಟಿಗೆಯ ಬಣ್ಣ. ಅತ್ತೆ ಕೇಳಿದ್ದ ಕೆಂಪು ಕೊನೆಗೂ ಬಂದಿತ್ತು. ನಿಂಬೆರಸ ಹಿಂಡಿದೆ, ತಿರುಗಿ ಹಳದಿ. ಒಳಗಿನ ಕಾಗದ ನೆಂದು ಮುದ್ದೆಯಾಯಿತು. ಇನ್ನೊಂದೆರಡನ್ನು ತಾರಸಿಯ ಮೇಲೆ ಬಿಸಿಲಿಗಿಟ್ಟೆ. ಅರಿಶಿನಕ್ಕೆ ಬಿಸಿಲೇ ಮದ್ದು. ಸಂಜೆಗೆ ಅರ್ಧ ಮಾಸಿತ್ತು. ದಿನವೂ ಹರಡಿ, ಗಾಳಿಗೆ ಹಾರದಂತೆ ಕಾದು, ಬಾಗಿದ ಹಾಳೆಗಳನ್ನು ಬದಲಿಸಿದರೆ ತೆಗೆಯಬಹುದು. ಆದರೆ ಯಾಕೆ ತೆಗೆಯಬೇಕಾಗಿ ಬಂತು ಎಂಬುದಕ್ಕೆ ನನಗೆ ಉತ್ತರ ಬೇಕಿತ್ತು. ಮರುದಿನವೇ ಕಾಗದನಗರಕ್ಕೆ ಹೋದೆ. ಸೊಸೆ ಕಚೇರಿಗೆ ಹೋಗಿದ್ದಳು.

"ಏನಮ್ಮಾ ಇದು?" ಎಂದು ತುಂಡನ್ನು ಮುಂದೆ ಹಿಡಿದೆ.

"ಹೊಸ ಬಟ್ಟೆ ಅಲ್ವಾ? ಹಚ್ಚದೆ ಹೇಗೆ?"

"ಹಚ್ಚಿ, ಬೇಡ ಅನ್ನಲ್ಲ. ಕೌದಿ ಆದ ಮೇಲೆ ಒಂದು ಮೂಲೆಗೆ ಹಚ್ಚಿದ್ರೆ ಸಾಕಿತ್ತಲ್ಲ! ನಾನೂರಕ್ಕೂ ಹಚ್ತಾರಾ ಯಾರಾದ್ರೂ?"

"ಕೌದಿ ಆದ ಮೇಲೆ ನನ್ನ ಯಾರು ಹಚ್ಚೋಕೆ ಬಿಡ್ತಾರೆ ಮಾರಾಯ್ತಿ?" ಎಂದರು.

ಅವರ ಹಣೆಯಲ್ಲಿ ಕುಂಕುಮವಿಲ್ಲ ಎಂಬುದನ್ನು ಇಷ್ಟು ಸಲ ನೋಡಿಯೂ ನಾನು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ.

"ಮದುವೆ ಮನೆ ತುಂಬ ಮುತ್ತೈದೆಯರು ಇರ್ತಾರೆ. ಅರಿಶಿನದ ಬಟ್ಟಲು ನನ್ನ ಕೈಗೆ ಬರಲ್ಲ. ಯಾರೂ ಬೈಯಲ್ಲ, ಒಳ್ಳೆ ಮಾತಲ್ಲೇ ಕೂತ್ಕೊಳ್ಳಿ ಅಂತಾರೆ. ಈ ಮದುವೆ ಮಾಡ್ತಿರೋಳು ನಾನು. ಅದಕ್ಕೇ ಈಗಲೇ ಹಚ್ಚಿಬಿಟ್ಟೆ. ಒಂದಕ್ಕೆ ಹಚ್ಚಿದ್ರೆ ಅದು ಕೌದಿಯಲ್ಲಿ ಯಾವ ಕಡೆ ಹೋಗತ್ತೋ, ಕತ್ತರಿಸಿ ಬಿಡ್ತೀರೋ ಏನೋ. ಎಲ್ಲದಕ್ಕೂ ಹಚ್ಚಿದೆ" ಎಂದರು. ನನ್ನ ಕೈಯಿಂದ ತುಂಡನ್ನು ತೆಗೆದುಕೊಂಡು ನೋಡಿ, "ಅವಳಿಗೆ ಹೇಳ್ಬೇಡಿ. ಹೇಳಿದ್ರೆ ಪಾಪ ಅಂತ ಒಪ್ಕೋತಾಳೆ. ಅವಳಿಗೆ ಇಷ್ಟ ಇಲ್ದಿದ್ರೆ ತೆಗೀರಿ" ಎಂದರು.

ಸಿಟ್ಟು ಮಾಡಿಕೊಂಡು ಹೋದವಳಿಗೆ ಸಿಟ್ಟನ್ನು ಇಡಲು ಜಾಗವಿಲ್ಲದಂತಾಯಿತು. ಇದೂ ಒಂದು ತರಹದ ಕಾಟವೇ. ವಾಪಸ್ ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಸೊಸೆಗೆ ಹೇಳಿದರೆ ಅವಳು ಆರಿಸಿದ ಹಾಗಾಗುವುದಿಲ್ಲ, ಅತ್ತೆಯ ಮಾತಿಗೆ ಇನ್ನೊಮ್ಮೆ ತಲೆಬಾಗಿದ ಹಾಗಾಗುತ್ತದೆ. ಹೇಳದಿದ್ದರೆ ಆ ಬೆರಳಿನ ಗುರುತನ್ನು ನಾನೇ ತಾರಸಿಯ ಮೇಲಿಟ್ಟು ಸುಟ್ಟಂತೆ. ಬಣ್ಣದ ವಿಷಯದಲ್ಲಿ ಅವಳಿಗೆ ಮಾತು ಕೊಟ್ಟಿದ್ದೆ. ಹಾಗಾಗಿ ಅವಳೇ ನೋಡಲಿ, ಅವಳು ಹೇಳಿದಂತೆ ಮಾಡುವುದು, ಕಾರಣ ಮಾತ್ರ ನನ್ನ ಬಾಯಿಂದ ಬರಬಾರದು ಎಂದು ತೀರ್ಮಾನಿಸಿದೆ.

ಭಾನುವಾರ ಸೊಸೆ ದುರ್ಗಿಗುಡಿಗೆ ಬಂದಳು. ಚಾಪೆಯ ಮೇಲೆ ಹರಡಿದ್ದನ್ನು ನೋಡಿ ನಿಂತಲ್ಲೇ ನಿಂತಳು. "ಅಕ್ಕಾ, ಇದೊಂದನ್ನ ನನ್ನ ಇಷ್ಟಕ್ಕೆ ಬಿಡಿ ಅಂದಿದ್ದೆ" ಎಂದಳು. ಮುಖ ಕೆಂಪಾಗಿತ್ತು.

"ತೆಗೀಬಹುದು. ಬಿಸಿಲಲ್ಲಿ ಹಾಕಿದ್ರೆ ಹೋಗತ್ತೆ. ಕೆಲಸ ಹಿಡಿಯತ್ತೆ, ಅಷ್ಟೆ" ಎಂದೆ.

"ತೆಗೀರಿ. ಬೇಡ ಬೇಡ ಅಂದ್ರೂ ಎಲ್ಲಾದ್ರೊಳಗೂ ಅವರದೊಂದು ಇರಲೇಬೇಕು" ಎನ್ನುತ್ತ ಚಾಪೆಯ ಅಂಚಿನಲ್ಲಿ ಕುಳಿತು ತುಂಡುಗಳನ್ನು ಒಂದೊಂದಾಗಿ ಎತ್ತಿ ಮಗುಚಿದಳು. ಹತ್ತು ನೋಡಿದಳು, ಇಪ್ಪತ್ತು ನೋಡಿದಳು. ಕಡುನೀಲಿಯ ತುಂಡುಗಳಲ್ಲಿ ಗುರುತು ಕಾಣುತ್ತಿರಲಿಲ್ಲ. ಅವನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದಳು.

"ಎಲ್ಲದಕ್ಕೂ ಹಚ್ಚಿದಾರಾ?"

"ಒಂದನ್ನೂ ಬಿಟ್ಟಿಲ್ಲ."

"ಕಾಣದೇ ಇರೋದಕ್ಕೂ?"

"ಅದಕ್ಕೂ."

ಅವಳು ಕೈಯಲ್ಲಿದ್ದ ತುಂಡಿನ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದಳು. ನಾನು ಬಾಯಿ ಬಿಗಿಹಿಡಿದು ಕುಳಿತೆ, ನನಗದು ಸುಲಭವಲ್ಲ. ಕೊನೆಗೆ ಅವಳೇ, "ಮೊದಲನೇ ಸಲ ನನ್ನ ಮನೆ ತುಂಬಿಸ್ಕೊಂಡಾಗ ಕೆನ್ನೆಗೆ ಅರಿಶಿನ ಹಚ್ಚಿದ್ದು ಅತ್ತೇನೆ. ಆಗ ಮಾವ ಇದ್ರು" ಎಂದಳು. ತುಂಡನ್ನು ಚಾಪೆಯ ಮೇಲಿಟ್ಟಳು. "ಈ ಸಲ ಅವರನ್ನ ಹಿಂದೆ ಕೂರಿಸ್ತಾರೆ ಅಲ್ವಾ ಅಕ್ಕ?"

ನಾನು ಚಾಪೆಯ ಮೇಲೆ ಬಿದ್ದಿದ್ದ ದಾರವನ್ನು ಸುತ್ತತೊಡಗಿದೆ.

"ಬಿಸಿಲಿಗೆ ಹಾಕ್ಬೇಡಿ" ಎಂದಳು.

"ನೋಡಮ್ಮ, ಪಾಪ ಅಂತ ಒಪ್ಕೊಂಡು ಆಮೇಲೆ ದಿನಾ ಹಾಸಿಗೆ ಹಾಸುವಾಗ ನನಗೆ ಬೈಬೇಡ."

"ಪಾಪ ಅಂತ ಅಲ್ಲ. ಬೂದು ಬಣ್ಣಾನೂ ಬಿಡಲ್ಲ ನಾನು. ಹಸಿರು ಕೆಂಪು ಒಂದು ದಾರಾನೂ ಬರಬಾರದು. ಇದು ಮಾತ್ರ ಇರಲಿ. ಆದ್ರೆ ಹೀಗೆ ಎಲ್ಲೆಲ್ಲೋ ಚೆಲ್ಲಿದ ಹಾಗೆ ಇರೋದು ಬೇಡ."

ಅದಕ್ಕೆ ಉಪಾಯವಿತ್ತು. ಆರು ಮೂಲೆಯ ತುಂಡುಗಳನ್ನು ಕೂಡಿಸಿದಾಗ ಪ್ರತಿ ಮೂಲೆಯಲ್ಲೂ ಮೂರು ತುಂಡು ಸೇರುತ್ತವೆ. ಅರಿಶಿನವಿರುವ ಮೂರು ಮೂಲೆಗಳನ್ನು ಒಂದೆಡೆ ತಿರುಗಿಸಿ ಇಟ್ಟರೆ ಮೂರು ಗುರುತು ಸೇರಿ ಒಂದು ಬೊಟ್ಟಿನಷ್ಟಾಗುತ್ತದೆ. ಮೂರು ತುಂಡು ಇಟ್ಟು ತೋರಿಸಿದೆ. ಅವಳೇ ಮುಂದಿನ ಮೂರು ಇಟ್ಟಳು. ಸಂಜೆಯವರೆಗೆ ನಾವಿಬ್ಬರೂ ತುಂಡುಗಳನ್ನು ತಿರುಗಿಸುತ್ತ ಕುಳಿತೆವು.

ಕಾಟ ಅಲ್ಲಿಗೂ ಮುಗಿಯಲಿಲ್ಲ. ಹಳದಿ ಬಂದೊಡನೆ ನಡುವಿನ ಬೂದು ಕೆಟ್ಟು ಕೆಸರಿನ ಹಾಗೆ ಕಾಣತೊಡಗಿತು. ಅಷ್ಟು ಬೆವರು ಸುರಿಸಿ ಹುಡುಕಿದ ಬೂದು! ಅದನ್ನು ಪೂರ್ತಿ ತೆಗೆದು, ಅದರ ಜಾಗಕ್ಕೆ ಇನ್ನೂ ತಿಳಿಯಾದ, ಬೆಳ್ಳಿಯ ಕಡೆಗೆ ವಾಲುವ ಬೂದು ತರಬೇಕಾಯಿತು. ಬಜಾರಿನಲ್ಲಿ "ಮೇಡಂ, ಮದುವೆ ಇನ್ನೂ ಆಗಿಲ್ವಾ?" ಎಂದು ಕೇಳಿಸಿಕೊಂಡೆ. ಆ ಹೊಸ ತುಂಡುಗಳಿಗೆ ಕಚ್ಚಾ ಹೊಲಿಗೆ ಹಾಕಲು ಸೊಸೆ ಅವನ್ನು ಮನೆಗೇ ಒಯ್ದಳು. ತಿರುಗಿ ಬಂದಾಗ ಅವುಗಳ ಮೂಲೆಗೂ ಅರಿಶಿನ ಬಿದ್ದಿತ್ತು. ಸೋಪು ತಾಕಿಸಬೇಡ, ಬಿಸಿಲಿಗೆ ಹಾಕಬೇಡ, ಏನು ಮಾಡಿದರೂ ಕೆಲವು ವರ್ಷಕ್ಕೆ ಮಾಸುತ್ತದೆ ಎಂದು ಮಾತ್ರ ಎಚ್ಚರಿಸಿದೆ.

ಮದುವೆಯ ಹಿಂದಿನ ದಿನ ಕೌದಿ ಮುಗಿಯಿತು. ಕೊನೆಯ ಕಾಗದವನ್ನು ಎಳೆದು, ಹಿಂದುಗಡೆಯ ಬಟ್ಟೆ ಕೂಡಿಸಿ, ಅಂಚು ಕಟ್ಟಿ, ಬೆನ್ನು ನೋವಿನಲ್ಲೇ ಭದ್ರಾವತಿಗೆ ಒಯ್ದೆ. ಮನೆ ತುಂಬ ನೆಂಟರು. ನಡುಮನೆಯಲ್ಲಿ ಕೌದಿ ಬಿಡಿಸಿದಾಗ ಒಂದಿಬ್ಬರು ಚೆನ್ನಾಗಿದೆ ಎಂದರು, ಉಳಿದವರು ಬಣ್ಣ ನೋಡಿ ಮುಖ ಮುಖ ನೋಡಿಕೊಂಡರು. ಅತ್ತೆ ಕಾಫಿಯ ನೆಪದಲ್ಲಿ ಅಡುಗೆಮನೆಗೆ ಸರಿದರು.

ಅತ್ತೆಯ ಓರಗಿತ್ತಿಯೊಬ್ಬರು, ಕೈ ತುಂಬ ಬಳೆ ತೊಟ್ಟವರು ಯಾರಾದರೂ ಬನ್ನಿ ಎಂದು ಕರೆದು, ಯಾರೂ ಬರುವ ಮೊದಲೇ ತಾವೇ ಅರಿಶಿನದ ಬಟ್ಟಲು ಹಿಡಿದು ಮುಂದೆ ಬಂದರು. "ಹೊಸದು. ಮುತ್ತೈದೆ ಕೈಯಲ್ಲಿ ಮೂಲೆಗೆ ಹಚ್ಚಿಸದೆ ಮಡಚಬಾರದು" ಎನ್ನುತ್ತ ಬೆರಳು ಅದ್ದಿದರು.

ಸೊಸೆ ಕೌದಿಯ ಮೂಲೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಬೇಡ ಚಿಕ್ಕಮ್ಮ. ಆಗಲೇ ಹಚ್ಚಿ ಆಗಿದೆ."

"ಎಲ್ಲಿ? ಯಾರು ಹಚ್ಚಿದ್ದು?"

"ಅತ್ತೆ" ಎಂದಳು. "ನೋಡಿ, ತುಂಬ ಹಚ್ಚಿದಾರೆ."

ಎಲ್ಲರೂ ಬಗ್ಗಿ ನೋಡಿದರು. ಬೂದಿನ ನಡುವೆ, ನೀಲಿಯ ನಡುವೆ, ಈ ತುದಿಯಿಂದ ಆ ತುದಿಯವರೆಗೆ ಹಳದಿ ಬೊಟ್ಟುಗಳು. ಓರಗಿತ್ತಿಯ ಬೆರಳಿನ ಅರಿಶಿನ ಹಾಗೇ ಇತ್ತು, ಒರೆಸಿಕೊಳ್ಳಲು ಅವರಿಗೆ ಜಾಗ ತೋಚಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಾಫಿಯ ತಟ್ಟೆ ಹಿಡಿದು ನಿಂತಿದ್ದರು. ನಾನು ಹೋಗಿ ತಟ್ಟೆಯನ್ನು ಕೈಗೆ ತೆಗೆದುಕೊಂಡೆ.

"ಬನ್ನಿ ಅತ್ತೆ, ಆ ಕಡೆ ಹಿಡ್ಕೊಳ್ಳಿ. ಒಬ್ಬಳಿಗೇ ಮಡಚೋಕೆ ಆಗ್ತಿಲ್ಲ" ಎಂದಳು ಸೊಸೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ನೆಂಟರ ನಡುವೆ ದಾರಿ ಮಾಡಿಕೊಂಡು ಬಂದು ಕೌದಿಯ ಆ ತುದಿಯನ್ನು ಹಿಡಿದುಕೊಂಡರು.